ಸೆಕ್ಷನ್ ಬ್ರೇಕ್ ಮತ್ತು ಪುಟಸಂಖ್ಯೆ

ವರ್ಡ್ ಪ್ರೊಸೆಸರಿನಲ್ಲಿ ಸಿದ್ಧಪಡಿಸಿದ ಉದ್ದನೆಯ ಬರಹವನ್ನು ಪುಟವಿನ್ಯಾಸದ ದೃಷ್ಟಿಯಿಂದ ಬೇರೆ ಬೇರೆ ಭಾಗಗಳಾಗಿ ಒಡೆಯುವ ಗುರುತು ಸೆಕ್ಷನ್ ಬ್ರೇಕ್. ವಿಭಾಗ ವಿರಾಮ ಎಂದು ಕನ್ನಡಿಸಬಹುದಾದರೂ ಡಿಟಿಪಿ ಅಂಗಡಿಯವರೂ ಪ್ರಬಂಧ ಬರೆಯುವ ಸಂಶೋಧಕರೂ ಆಡುವುದು ಇಂಗ್ಲಿಷ್ ಹೆಸರನ್ನೇ. ಪುಟದ ತಲೆಯಲ್ಲಿ ಮರುಕಳಿಸುವ ಸಾಲು ಹೆಡರ್, ಅಡಿಯಲ್ಲಿ ಮರುಕಳಿಸುವುದು ಫುಟರ್. ಪುಟಸಂಖ್ಯೆ ಸಾಮಾನ್ಯವಾಗಿ ಇವೆರಡರಲ್ಲಿ ಒಂದು ಕಡೆ ಕೂರುತ್ತದೆ. ಐದು ಪುಟದ ಅರ್ಜಿಗೆ ಇದಾವುದರ ಗೊಡವೆಯೂ ಬೇಡ. ಮುಖಪುಟದಲ್ಲಿ ಅಂಕಿ ಇರಬಾರದು, ಮುನ್ನುಡಿಗೆ ರೋಮನ್ ಅಂಕಿ ಬರಬೇಕು, ಮೊದಲ ಅಧ್ಯಾಯ 1ರಿಂದ ಶುರುವಾಗಬೇಕು, ನಡುವಿನ ಅಗಲವಾದ ಕೋಷ್ಟಕ ಅಡ್ಡ ಹಾಳೆಯಲ್ಲಿ ನಿಲ್ಲಬೇಕು ಎಂದಾಗ ಸೆಕ್ಷನ್ ಬ್ರೇಕ್ ಇಲ್ಲದೆ ಗತಿಯಿಲ್ಲ. ಪಿಎಚ್‌ಡಿ ಪ್ರಬಂಧ ಬೈಂಡಿಂಗಿಗೆ ಹೋಗುವ ಹಿಂದಿನ ರಾತ್ರಿ ನಿದ್ದೆ ಕೆಡುವುದಕ್ಕೆ ಪ್ರಬಂಧದ ವಿಷಯಕ್ಕಿಂತ ಈ ಅಂಕಿಗಳೇ ಕಾರಣವಾಗುವುದೂ ಉಂಟು.

ಅಂಕಿ ಬಂದ ದಾರಿ

ತಾಳೆಗರಿಯ ಕಟ್ಟುಗಳಲ್ಲಿ ಎಣಿಕೆ ಇದ್ದದ್ದು ಗರಿಗೆ, ಪುಟಕ್ಕಲ್ಲ. ಗರಿಯ ಒಂದು ಬದಿಯ ಅಂಚಿನಲ್ಲಿ ಅಂಕಿ ಬರೆದರೆ ಎರಡೂ ಬದಿಗೆ ಅದೇ ಸಾಕು. ದಾರ ಕಳಚಿ ಕಟ್ಟು ಚೆದುರಿದರೆ ಮತ್ತೆ ಜೋಡಿಸುವವರಿಗೆ ಅದೇ ಆಧಾರ. ಯುರೋಪಿನ ಮೊದಮೊದಲ ಅಚ್ಚುಪುಸ್ತಕಗಳಲ್ಲಿ ಅಚ್ಚಾದ ಅಂಕಿ ಇರುತ್ತಿರಲಿಲ್ಲ. 1470ರಲ್ಲಿ ಕೊಲೋನ್ ನಗರದ ಮುದ್ರಕ ಆರ್ನಾಲ್ಡ್ ಥೆರ್‌ಹೂರ್ನೆನ್ ಒಂದು ಸಣ್ಣ ಉಪದೇಶದ ಪುಸ್ತಕದ ಎಲೆಗಳಿಗೆ ಅಂಕಿ ಅಚ್ಚು ಹಾಕಿದ. ಎಲೆಯ ಎರಡು ಬದಿಗೂ ಬೇರೆ ಬೇರೆ ಅಂಕಿ ಕೊಡುವ ಕ್ರಮವನ್ನು ವೆನಿಸ್ಸಿನ ಆಲ್ಡಸ್ ಮನೂಷಿಯಸ್ 1499ರಲ್ಲಿ ಪೆರೊತ್ತಿಯ ‘ಕಾರ್ನುಕೋಪಿಯಾ’ ಎಂಬ ಲ್ಯಾಟಿನ್ ಗ್ರಂಥದಲ್ಲಿ ಬಳಸಿದ. ಅದು ಪದಸೂಚಿಯ ನೆರವಿನಿಂದ ಹುಡುಕಿ ಓದುವ ಪುಸ್ತಕ. ಪುಟಸಂಖ್ಯೆ ಹುಟ್ಟಿದ್ದು ಓದುವವನಿಗಿಂತ ಹುಡುಕುವವನಿಗಾಗಿ.

ಮುನ್ನುಡಿಯ ಪುಟಗಳಿಗೆ ರೋಮನ್ ಅಂಕಿ, ಗ್ರಂಥಭಾಗಕ್ಕೆ ಮಾಮೂಲಿ ಅಂಕಿ ಎಂಬ ಎರಡು ಎಣಿಕೆಯ ಪದ್ಧತಿ ಗಟ್ಟಿಯಾದದ್ದು ಅಚ್ಚಿನಮನೆಯ ಅನುಕೂಲದಿಂದ. ಗ್ರಂಥಭಾಗದ ಮೊಳೆ ಜೋಡಿಸಿ ಅಚ್ಚಾದ ಮೇಲೆ ಅರ್ಪಣೆ, ಮುನ್ನುಡಿ, ಪರಿವಿಡಿ ತಯಾರಾಗುತ್ತಿದ್ದವು. ಅವು ಎಷ್ಟು ಪುಟವಾದರೂ ಆಗಲಿ, ಆಗಲೇ ಅಚ್ಚಾಗಿ ಕೂತ ಫಾರಂಗಳ ಎಣಿಕೆ ಕೆಡಬಾರದು. ಕನ್ನಡ ಪ್ರಕಾಶನದಲ್ಲಿ ಈ ಕಾರಣಕ್ಕೆ ಇನ್ನೂ ಜೀವವಿದೆ. ಹಿರಿಯರೊಬ್ಬರಿಂದ ಮುನ್ನುಡಿ ಬರೆಸುವುದು ನಮ್ಮಲ್ಲಿ ವಾಡಿಕೆ. ಎಲ್ಲ ಪುಟಗಳೂ ಸಿದ್ಧವಾದ ಮೇಲೂ ಆ ಮುನ್ನುಡಿಗಾಗಿ ಕಾಯುವುದೂ ವಾಡಿಕೆಯೇ. ಎರಡು ಪುಟ ಎಂದುಕೊಂಡದ್ದು ಹನ್ನೆರಡು ಪುಟವಾಗಿ ಬಂದರೂ ಪುಟ 1 ಕದಲಬಾರದು. ಇದರ ಜೊತೆಗೆ ಪುಸ್ತಕ ಕಟ್ಟುವವರ ಇನ್ನೊಂದು ಕಟ್ಟಳೆಯಿದೆ: ಬಲಗಡೆಯ ಪುಟಕ್ಕೆ ಬೆಸಸಂಖ್ಯೆ, ಎಡಗಡೆಯದಕ್ಕೆ ಸಮಸಂಖ್ಯೆ. ವರ್ಡ್ ಪ್ರೊಸೆಸರಿನ ಸೆಕ್ಷನ್ ಬ್ರೇಕ್ ಹೊತ್ತಿರುವ ಹೊರೆಯಲ್ಲಿ ಬಹುಪಾಲು ಈ ಎರಡು ಹಳೆಯ ಅಭ್ಯಾಸಗಳದ್ದು.

ಗಣಕದಲ್ಲಿ ಬರಹವನ್ನು ಪುಟಗಳಾಗಿ ಜೋಡಿಸುವ ಕೆಲಸಕ್ಕೆ ಮೊದಲು ಬಂದ ತಂತ್ರಾಂಶಗಳಲ್ಲಿ 1964ರ ಸುಮಾರಿಗೆ ಎಂಐಟಿಯಲ್ಲಿ ಜೆರೋಮ್ ಸಾಲ್ಟ್‌ಜರ್ ಬರೆದ ರನ್‌ಆಫ್ ಒಂದು. ಸಾಲಿನ ಮೊದಲಲ್ಲಿ ಚುಕ್ಕಿಯಿಟ್ಟು ಆಜ್ಞೆ ಬರೆಯುವುದು ಅದರ ಕ್ರಮ. 1978ರಲ್ಲಿ ಮಾರುಕಟ್ಟೆಗೆ ಬಂದ ವರ್ಡ್‌ಸ್ಟಾರ್ ಅದೇ ಚುಕ್ಕಿ ಆಜ್ಞೆಗಳನ್ನು ಉಳಿಸಿಕೊಂಡಿತು. ಚುಕ್ಕಿಯ ಮುಂದೆ ಎಚ್ಇ ಎಂದು ಬರೆದರೆ ಹೆಡರ್, ಎಫ್ಓ ಎಂದರೆ ಫುಟರ್, ಪಿಎನ್ ಎಂದು ಬರೆದು ಅಂಕಿ ಕೊಟ್ಟರೆ ಅಲ್ಲಿಂದ ಹೊಸ ಪುಟಸಂಖ್ಯೆ. ವರ್ಡ್‌ಪರ್ಫೆಕ್ಟ್‌ನಲ್ಲಿ ಚುಕ್ಕಿಗಳು ಮಾಯವಾಗಿ ಆಜ್ಞೆಗಳು ಬರಹದೊಳಗೆ ಅಡಗಿದವು, ಆದರೆ ರಿವೀಲ್ ಕೋಡ್ಸ್ ಎಂಬ ಕಿಟಕಿ ತೆರೆದರೆ ಎಲ್ಲವೂ ಬಯಲು. ಈ ತಂತ್ರಾಂಶಗಳಿಗೆಲ್ಲ ಒಂದು ನಂಬಿಕೆ ಸಮಾನವಾಗಿತ್ತು: ಆಜ್ಞೆ ಎಲ್ಲಿದೆಯೋ ಅಲ್ಲಿಂದ ಮುಂದಕ್ಕೆ ಅದರ ಅಧಿಕಾರ. ಹೊಳೆ ಹರಿದಂತೆ ಮೇಲಿನಿಂದ ಕೆಳಕ್ಕೆ.

1983ರಲ್ಲಿ ಚಾರ್ಲ್ಸ್ ಸಿಮೋನಿ ಮತ್ತು ರಿಚರ್ಡ್ ಬ್ರೋಡಿ ರೂಪಿಸಿದ ಮೈಕ್ರೋಸಾಫ್ಟ್ ವರ್ಡ್ ಈ ನಂಬಿಕೆಯನ್ನು ತಿರುವಿಹಾಕಿತು. ವರ್ಡ್‌ನಲ್ಲಿ ಪ್ಯಾರಾದ ಗುಣಗಳು ಇರುವುದು ಪ್ಯಾರಾದ ಕೊನೆಯ ಗುರುತಿನಲ್ಲಿ. ಹಾಗೆಯೇ ವಿಭಾಗದ ಗುಣಗಳು ಇರುವುದು ವಿಭಾಗದ ಕೊನೆಯ ಗುರುತಿನಲ್ಲಿ. ಡಾಸ್ ಕಾಲದ ವರ್ಡ್‌ನಲ್ಲಿ ಇದಕ್ಕೆ ಡಿವಿಷನ್ ಎಂಬ ಹೆಸರಿತ್ತು. ಮುಂದೆ ಸೆಕ್ಷನ್ ಆಯಿತು.

ಎರಡು ದಿಕ್ಕಿನ ಹರಿವು

ವರ್ಡ್‌ನ ಸೆಕ್ಷನ್ ಬಗ್ಗೆ ಇರುವ ಗೊಂದಲದಲ್ಲಿ ಹೆಚ್ಚಿನ ಪಾಲು ಒಂದೇ ಸಂಗತಿಯಿಂದ ಬಂದದ್ದು. ಸೆಕ್ಷನ್ ಬ್ರೇಕ್ ತನ್ನ ಹಿಂದಿನ ಪುಟಗಳ ಯಜಮಾನ, ಮುಂದಿನವುಗಳದ್ದಲ್ಲ. ಹಾಳೆಯ ಅಳತೆ, ಅಂಚು, ಉದ್ದ ಅಥವಾ ಅಡ್ಡ ಎಂಬ ದಿಕ್ಕು, ಅಂಕಣಗಳು, ಪುಟಸಂಖ್ಯೆಯ ರೂಪ, ಅದು ಶುರುವಾಗುವ ಅಂಕಿ ಇವೆಲ್ಲ ಆ ಗುರುತಿನ ಹೊಟ್ಟೆಯಲ್ಲಿರುತ್ತವೆ. ಅದನ್ನು ಅಳಿಸಿದರೆ ಹಿಂದಿನ ಭಾಗ ಅನಾಥವಾಗಿ, ಮುಂದಿನ ಭಾಗದ ಗುಣಗಳನ್ನು ತೊಟ್ಟುಕೊಳ್ಳುತ್ತದೆ. ಅಡ್ಡ ಹಾಳೆಯ ಕೋಷ್ಟಕ ಬೇಡವಾಯಿತೆಂದು ಅದರ ಹಿಂದಿನ ಬ್ರೇಕ್ ಒಂದನ್ನೇ ಅಳಿಸಿ ನೋಡಿ: ಕೋಷ್ಟಕ ನೆಟ್ಟಗಾಗುವ ಬದಲು ಅದಕ್ಕೆ ಮುಂಚಿನ ಇಡೀ ಅಧ್ಯಾಯವೇ ಅಡ್ಡ ಮಲಗುತ್ತದೆ.

ಹೆಡರಿನ ಹರಿವು ಮಾತ್ರ ಇದಕ್ಕೆ ತದ್ವಿರುದ್ಧ. ಹೊಸ ವಿಭಾಗದ ಹೆಡರ್ ತನ್ನ ಹಿಂದಿನ ವಿಭಾಗದ ಹೆಡರಿಗೆ ಅಂಟಿಕೊಂಡೇ ಹುಟ್ಟುತ್ತದೆ. ತೆರೆಯ ಮೇಲೆ ‘ಸೇಮ್ ಆ್ಯಸ್ ಪ್ರೀವಿಯಸ್’ ಎಂಬ ಚೀಟಿ ಕಾಣುತ್ತದೆ. ಅದನ್ನು ಬಿಡಿಸುವ ಗುಂಡಿಯ ಹೆಸರು ‘ಲಿಂಕ್ ಟು ಪ್ರೀವಿಯಸ್’. ಪುಟವಿನ್ಯಾಸ ಮುಂದಿನಿಂದ ಹಿಂದಕ್ಕೆ ಕುಸಿಯುತ್ತದೆ, ಹೆಡರ್ ಹಿಂದಿನಿಂದ ಮುಂದಕ್ಕೆ ಇಳಿಯುತ್ತದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ. ಎರಡೂ ಒಂದೇ ಗುರುತಿನ ಸುತ್ತ ನಡೆಯುವುದರಿಂದ ಬಳಸುವವರಿಗೆ ಎಲ್ಲವೂ ತಂತ್ರಾಂಶದ ಹಠದಂತೆ ಕಾಣುತ್ತದೆ.

ಕಡತದ ಒಳಗೆ ಇಣುಕಿದರೆ ಇದು ಹಠವಲ್ಲ ಎಂದು ತಿಳಿಯುತ್ತದೆ. ವರ್ಡ್ 2007ರೊಂದಿಗೆ ಬಂದ ಡಾಕ್‌ಎಕ್ಸ್ ಕಡತ ನಿಜದಲ್ಲಿ ಒಂದು ಜಿಪ್ ಗಂಟು. ಇದರ ಮಾದರಿಯನ್ನು ಎಕ್ಮಾ ಸಂಸ್ಥೆ 2006ರಲ್ಲೂ ಐಎಸ್‌ಓ 2008ರಲ್ಲೂ ಅಂಗೀಕರಿಸಿದವು. ಗಂಟು ಬಿಚ್ಚಿದರೆ ಬರಹ ಒಂದು ಕಡೆ, ಪ್ರತಿಯೊಂದು ಹೆಡರೂ ಫುಟರೂ ಬೇರೆ ಬೇರೆ ಕಡತಗಳಾಗಿ ಇನ್ನೊಂದು ಕಡೆ. ವಿಭಾಗದ ಕೊನೆಯ ಪ್ಯಾರಾದಲ್ಲಿ ಆ ವಿಭಾಗದ ಗುಣಗಳ ಪಟ್ಟಿ ಇರುತ್ತದೆ. ಯಾವ ಹೆಡರ್ ಬಳಸಬೇಕೆಂಬ ಸೂಚನೆಯೂ ಅಲ್ಲೇ. ಆ ಸೂಚನೆ ಇಲ್ಲದಿದ್ದರೆ ಹಿಂದಿನ ವಿಭಾಗದ್ದೇ ಇದಕ್ಕೂ ಅನ್ವಯ. ಎಂದರೆ ‘ಲಿಂಕ್’ ಎಂಬ ಕೊಂಡಿ ಎಲ್ಲಿಯೂ ಇಲ್ಲ. ಸ್ವಂತ ಹೆಡರ್ ಇಲ್ಲದಿರುವುದಕ್ಕೇ ಆ ಹೆಸರು. ಕೊನೆಯ ವಿಭಾಗಕ್ಕೆ ಬ್ರೇಕ್ ಗುರುತು ಇರುವುದಿಲ್ಲ, ಅದರ ಗುಣಗಳು ಇಡೀ ಬರಹದ ತುದಿಯಲ್ಲಿ ಕಣ್ಣಿಗೆ ಬೀಳದಂತೆ ಕೂತಿರುತ್ತವೆ. ಕೊನೆಯ ಬ್ರೇಕ್ ಅಳಿಸಿದಾಗ ಕಾಣುವ ಅನಾಹುತಗಳಿಗೆ ಈ ಅದೃಶ್ಯ ಪಟ್ಟಿಯೇ ಮೂಲ. ಅಳಿಸುವ ಮುನ್ನ ಕೊನೆಯ ವಿಭಾಗದ ಹೆಡರನ್ನು ಹಿಂದಿನದಕ್ಕೆ ಲಿಂಕ್ ಮಾಡಿ, ಅಂಚು, ಅಳತೆಗಳನ್ನು ಹಿಂದಿನದರಂತೆಯೇ ಹೊಂದಿಸಿಕೊಂಡರೆ ಆಮೇಲೆ ಬ್ರೇಕ್ ಹೋದರೂ ಏನೂ ಕದಲುವುದಿಲ್ಲ.

ಆದ್ದರಿಂದ ಕೆಲಸದ ಅನುಕ್ರಮ ಮುಖ್ಯ. ಮೊದಲು ಬ್ರೇಕ್ ಹಾಕಬೇಕು, ಆಮೇಲೆ ಬ್ರೇಕಿನ ಮುಂದಿನ ವಿಭಾಗಕ್ಕೆ ಹೋಗಿ ಲಿಂಕ್ ಬಿಡಿಸಬೇಕು, ಕೊನೆಗೆ ಹೆಡರಿನ ಪಠ್ಯ ಮುಟ್ಟಬೇಕು. ಲಿಂಕ್ ಬಿಡಿಸದೆ ಎರಡನೆಯ ವಿಭಾಗದ ಹೆಡರ್ ತಿದ್ದಿದರೆ ಮೊದಲನೆಯದೂ ಬದಲಾಗುತ್ತದೆ, ಏಕೆಂದರೆ ಇರುವುದೇ ಒಂದು. ಹೆಡರಿನ ಲಿಂಕ್ ಬಿಡಿಸಿದ ಮಾತ್ರಕ್ಕೆ ಫುಟರಿನದು ಬಿಡುವುದಿಲ್ಲ. ಮೊದಲ ಪುಟಕ್ಕೆ ಬೇರೆ, ಸಮ ಪುಟಕ್ಕೆ ಬೇರೆ ಎಂದು ಆರಿಸಿಕೊಂಡಿದ್ದರೆ ಒಂದೊಂದು ವಿಭಾಗಕ್ಕೂ ಮೂರು ಹೆಡರ್, ಮೂರು ಫುಟರ್. ಆರೂ ಕಡೆ ಲಿಂಕ್ ಬೇರೆ ಬೇರೆ. ಈ ಆರರಲ್ಲಿ ಐದನ್ನು ಬಿಡಿಸಿ ಒಂದನ್ನು ಮರೆತವರು ಬಹಳ ಮಂದಿ. ಪ್ಯಾರಾ ಗುರುತುಗಳನ್ನು ತೋರಿಸುವ ಗುಂಡಿ ಒತ್ತಿಟ್ಟು, ಕೆಳಗಿನ ಪಟ್ಟಿಯಲ್ಲಿ ಸೆಕ್ಷನ್ ಸಂಖ್ಯೆ ಕಾಣುವಂತೆ ಮಾಡಿಕೊಳ್ಳದೆ ಉದ್ದದ ಬರಹಕ್ಕೆ ಕೈ ಹಾಕುವುದು ದೀಪವಿಲ್ಲದೆ ಅಟ್ಟ ಹತ್ತಿದಂತೆ.

ಬ್ರೇಕಿನ ಬಗೆಗಳು

ಲೇಔಟ್ ಪಟ್ಟಿಯಲ್ಲಿ ನಾಲ್ಕು ಬಗೆ ಸಿಗುತ್ತವೆ. ನೆಕ್ಸ್ಟ್ ಪೇಜ್ ಹೊಸ ಪುಟದಿಂದ ವಿಭಾಗ ತೆರೆಯುತ್ತದೆ. ಪ್ರಬಂಧಗಳಿಗೆ ಬಹುತೇಕ ಇದೇ ಸಾಕು. ಕಂಟಿನ್ಯುಯಸ್ ಅದೇ ಪುಟದಲ್ಲಿ ವಿಭಾಗ ಬದಲಿಸುತ್ತದೆ, ಒಂದಂಕಣದ ನಡುವೆ ಎರಡಂಕಣ ತರುವಂಥ ಕಡೆ ಉಪಯೋಗ. ಒಂದು ಪುಟದಲ್ಲಿ ಎರಡು ವಿಭಾಗ ಬಿದ್ದಾಗ ಆ ಪುಟದ ಹೆಡರ್ ಮೇಲಿನ ವಿಭಾಗದ್ದು. ಕೆಳಗಿನದರ ಹೆಡರ್ ಕಾಣುವುದು ಮುಂದಿನ ಪುಟದಿಂದ. ಕಂಟಿನ್ಯುಯಸ್ ಹಾಕಿ ಹೆಡರ್ ಬದಲಾಗಲಿಲ್ಲವೆಂದು ಹುಡುಕಾಡುವವರು ಇದನ್ನು ನೆನಪಿಡಬೇಕು.

ಆಡ್ ಪೇಜ್ ಮತ್ತು ಈವನ್ ಪೇಜ್ ಬಗೆಗಳು ಪುಸ್ತಕದವರಿಗಾಗಿ ಇರುವಂಥವು. ಅಧ್ಯಾಯವೊಂದು 37ನೆಯ ಪುಟದಲ್ಲಿ ಮುಗಿದು ಮುಂದಿನದಕ್ಕೆ ಆಡ್ ಪೇಜ್ ಬ್ರೇಕ್ ಇದ್ದರೆ ಅದು 39ರಲ್ಲಿ ತೆರೆದುಕೊಳ್ಳುತ್ತದೆ. ನಡುವಿನ 38 ಖಾಲಿ. ಆ ಖಾಲಿ ಪುಟ ಬರೆಯುವಾಗ ತೆರೆಯ ಮೇಲೆ ಕಾಣುವುದಿಲ್ಲ, ಅಚ್ಚಿನಲ್ಲಿ ಮಾತ್ರ ಮೂಡುತ್ತದೆ. ಅದರಲ್ಲಿ ಹೆಡರೂ ಇರದು, ಅಂಕಿಯೂ ಇರದು. ಒಂದೇ ಬದಿಗೆ ಮುದ್ರಿಸಿ ಕೊಡಬೇಕಾದ ಪ್ರಬಂಧಕ್ಕೆ ಯಾರೋ ಪುಸ್ತಕದ ಮಾದರಿ ಕಡತ ಕೊಟ್ಟು, ಅದರಲ್ಲಿ ಆಡ್ ಪೇಜ್ ಬ್ರೇಕುಗಳಿದ್ದರೆ, ಅಲ್ಲಲ್ಲಿ ಒಂದೊಂದು ಅಂಕಿ ಹಾರಿದ್ದೇಕೆಂದು ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಎಣಿಕೆ ಬೇರೆ, ಹೆಡರ್ ಬೇರೆ

ಲಿಂಕ್ ಎಂಬುದು ಹೆಡರಿನ ಪಠ್ಯಕ್ಕೆ ಸೇರಿದ್ದು, ಎಣಿಕೆಗಲ್ಲ. ಈ ಭೇದ ಅನೇಕ ಕೈಪಿಡಿಗಳಲ್ಲೂ ಸರಿಯಾಗಿ ಬಿಡಿಸಿ ಹೇಳಿಲ್ಲ. ಹೆಡರಿನಲ್ಲಿ ಕಾಣುವ ಪುಟಸಂಖ್ಯೆ ಬರೆದಿಟ್ಟ ಅಂಕಿಯಲ್ಲ, ಪೇಜ್ ಎಂಬ ಫೀಲ್ಡ್. ಪ್ರತಿ ಪುಟದಲ್ಲೂ ಅದು ತನ್ನ ಬೆಲೆಯನ್ನು ಹೊಸದಾಗಿ ಕೇಳಿ ತಿಳಿಯುತ್ತದೆ. ಆ ಬೆಲೆ 1, 2 ಎಂದು ಬರಬೇಕೇ, ರೋಮನ್ನಿನಲ್ಲಿ ಬರಬೇಕೇ, ಹಿಂದಿನದರಿಂದ ಮುಂದುವರಿಯಬೇಕೇ, ಹೊಸದಾಗಿ ಶುರುವಾಗಬೇಕೇ ಎಂಬುದನ್ನು ನಿರ್ಧರಿಸುವುದು ವಿಭಾಗ. ಎರಡು ವಿಭಾಗಗಳ ಫುಟರ್ ಲಿಂಕ್ ಆಗಿಯೇ ಇದ್ದರೂ ಒಂದರಲ್ಲಿ ರೋಮನ್, ಇನ್ನೊಂದರಲ್ಲಿ ಮಾಮೂಲಿ ಅಂಕಿ ಬರಲು ಅಡ್ಡಿಯಿಲ್ಲ. ಮುನ್ನುಡಿಯಲ್ಲೂ ಅಧ್ಯಾಯದಲ್ಲೂ ಅಂಕಿ ಒಂದೇ ಜಾಗದಲ್ಲಿ ಕೂರುವುದಾದರೆ ಲಿಂಕ್ ಬಿಡಿಸುವ ಅಗತ್ಯವೇ ಇಲ್ಲ. ‘ಫಾರ್ಮ್ಯಾಟ್ ಪೇಜ್ ನಂಬರ್ಸ್’ ಎಂಬಲ್ಲಿ ಎರಡನೆಯ ವಿಭಾಗಕ್ಕೆ ‘ಸ್ಟಾರ್ಟ್ ಅಟ್’ 1 ಎಂದು ಕೊಟ್ಟರೆ ಮುಗಿಯಿತು.

ಇಲ್ಲೇ ಒಂದು ಹೊಂಡವಿದೆ. ಇರುವ ವಿಭಾಗದ ನಡುವೆ ಹೊಸ ಬ್ರೇಕ್ ಹಾಕಿದಾಗ ಎರಡು ಹೋಳುಗಳಿಗೂ ಹಳೆಯ ವಿಭಾಗದ ಗುಣಗಳೇ ನಕಲಾಗುತ್ತವೆ, ‘1ರಿಂದ ಶುರು’ ಎಂಬ ಆಜ್ಞೆಯೂ ಸೇರಿ. ಮೂರನೆಯ ಅಧ್ಯಾಯದಲ್ಲಿ ಅಡ್ಡ ಕೋಷ್ಟಕಕ್ಕೆಂದು ಹಿಂದೆ ಮುಂದೆ ಎರಡು ಬ್ರೇಕ್ ಹಾಕಿದವರಿಗೆ ಕೋಷ್ಟಕದ ಪುಟವೂ 1, ಅದರ ಮುಂದಿನ ಪುಟವೂ 1 ಎಂದು ಕಾಣುವುದು ಇದರಿಂದ. ಆ ಎರಡೂ ವಿಭಾಗಗಳಲ್ಲಿ ‘ಕಂಟಿನ್ಯೂ ಫ್ರಂ ಪ್ರೀವಿಯಸ್ ಸೆಕ್ಷನ್’ ಆರಿಸಿದರೆ ಎಣಿಕೆ ದಾರಿಗೆ ಬರುತ್ತದೆ. ಪರಿವಿಡಿ ಮಾತ್ರ ತಾನಾಗಿ ಬದಲಾಗುವುದಿಲ್ಲ, ಎಫ್9 ಒತ್ತಿ ಹೊಸದು ಮಾಡಬೇಕು. ಮುದ್ರಣಕ್ಕೆ ಕೊಡುವ ಮುನ್ನ ಬರಹವೆಲ್ಲವನ್ನೂ ಆರಿಸಿ ಒಮ್ಮೆ ಎಫ್9 ಒತ್ತುವ ಅಭ್ಯಾಸ ಒಳ್ಳೆಯದು.

ಒಟ್ಟು ಪುಟಗಳನ್ನೂ ತೋರಿಸುವ ವರದಿಗಳಲ್ಲಿ, ಎಂದರೆ ‘ಪುಟ 5, ಒಟ್ಟು 80’ ಎಂಬಂತೆ, ಇನ್ನೊಂದು ಸಿಕ್ಕು. ನಮ್‌ಪೇಜಸ್ ಫೀಲ್ಡ್ ಮುಖಪುಟ, ಮುನ್ನುಡಿ ಎಲ್ಲವನ್ನೂ ಕೂಡಿಸಿ ಹೇಳುತ್ತದೆ. ಸೆಕ್ಷನ್‌ಪೇಜಸ್ ಫೀಲ್ಡ್ ಆ ಒಂದು ವಿಭಾಗದ್ದನ್ನಷ್ಟೇ ಎಣಿಸುತ್ತದೆ. ಗ್ರಂಥಭಾಗ ಹಲವು ವಿಭಾಗಗಳಲ್ಲಿ ಹರಡಿದ್ದರೆ ಎರಡೂ ಸುಳ್ಳು. ಗ್ರಂಥಭಾಗದ ಕಟ್ಟಕಡೆಯ ಸಾಲಿಗೆ ಒಂದು ಬುಕ್‌ಮಾರ್ಕ್ ಇಟ್ಟು, ಪೇಜ್‌ರೆಫ್ ಫೀಲ್ಡಿನಿಂದ ಅದರ ಪುಟವನ್ನು ಕೇಳುವುದು ಹೆಚ್ಚು ಭದ್ರವಾದ ದಾರಿ.

ಕಡಿಮೆ ವಿಭಾಗಗಳ ಜಾಣತನ

ಅಧ್ಯಾಯಕ್ಕೊಂದು ವಿಭಾಗ ಮಾಡುವುದು ಬಹುಜನರ ರೂಢಿ. ಹೆಡರಿನಲ್ಲಿ ಅಧ್ಯಾಯದ ಹೆಸರು ಬದಲಾಗುತ್ತ ಹೋಗಬೇಕು ಎಂಬುದೇ ಅದಕ್ಕೆ ಕಾರಣ. ಹತ್ತು ಅಧ್ಯಾಯ ಎಂದರೆ ಹತ್ತು ಕಡೆ ಲಿಂಕ್ ಬಿಡಿಸಿ ಹತ್ತು ಹೆಸರು ಟೈಪು ಮಾಡುವುದು. ಅಧ್ಯಾಯದ ಹೆಸರು ತಿದ್ದಿದರೆ ಹೆಡರನ್ನೂ ತಿದ್ದುವುದು. ಈ ದುಡಿಮೆ ವ್ಯರ್ಥ. ಅಧ್ಯಾಯದ ಶೀರ್ಷಿಕೆಗಳಿಗೆ ಹೆಡಿಂಗ್ 1 ಎಂಬ ಸ್ಟೈಲ್ ಕೊಟ್ಟಿದ್ದು, ಹೆಡರಿನಲ್ಲಿ ಸ್ಟೈಲ್‌ರೆಫ್ ಎಂಬ ಫೀಲ್ಡ್ ಇಟ್ಟರೆ ಅದು ಆ ಸ್ಟೈಲಿನ ಪಠ್ಯವನ್ನು ಮೊದಲು ಅದೇ ಪುಟದಲ್ಲಿ ಹುಡುಕುತ್ತದೆ, ಸಿಗದಿದ್ದರೆ ಹಿಂದಿನ ಪುಟಗಳಿಗೆ ಹೋಗಿ ಹುಡುಕುತ್ತದೆ. ಒಂದೇ ಹೆಡರ್, ಒಂದೇ ವಿಭಾಗ, ಹತ್ತು ಹೆಸರು. ಪುಟದ ಮೊದಲ ಪದ ಮತ್ತು ಕೊನೆಯ ಪದವನ್ನು ತಲೆಯಲ್ಲಿ ಮುದ್ರಿಸುವ ನಿಘಂಟಿನ ವಿನ್ಯಾಸವೂ ಈ ಫೀಲ್ಡಿನಿಂದಲೇ ಸಾಧ್ಯ. ಪುಟವನ್ನು ಕೆಳಗಿನಿಂದ ಮೇಲಕ್ಕೆ ಹುಡುಕು ಎನ್ನುವ ಒಂದು ಸ್ವಿಚ್ ಅದಕ್ಕಿದೆ. ಇಷ್ಟು ಉಪಯೋಗದ ಸಾಧನ ಇಷ್ಟು ಕಡಿಮೆ ಜನಕ್ಕೆ ಗೊತ್ತಿರುವುದು ಸೋಜಿಗ.

ಅಧ್ಯಾಯ ತೆರೆಯುವ ಪುಟದಲ್ಲಿ ಹೆಡರ್ ಇರಬಾರದೆಂಬ ಶಿಸ್ತನ್ನು ಪಾಲಿಸುವ ಪ್ರಕಾಶಕರಿಗೆ ಮಾತ್ರ ಅಧ್ಯಾಯಕ್ಕೊಂದು ವಿಭಾಗ ಬೇಕಾಗುತ್ತದೆ. ಆಗ ‘ಡಿಫರೆಂಟ್ ಫಸ್ಟ್ ಪೇಜ್’ ಆರಿಸಿ ಮೊದಲ ಪುಟದ ಹೆಡರನ್ನು ಖಾಲಿ ಬಿಟ್ಟರಾಯಿತು, ಲಿಂಕ್ ಎಲ್ಲೆಲ್ಲೂ ಉಳಿದಿರಲಿ. ಸಮ, ಬೆಸ ಪುಟಗಳಿಗೆ ಬೇರೆ ಹೆಡರ್ ಎಂಬ ಆಯ್ಕೆ ವಿಭಾಗಕ್ಕಲ್ಲ, ಇಡೀ ಬರಹಕ್ಕೆ ಅನ್ವಯ. ಒಂದು ಕಡೆ ಆರಿಸಿದರೆ ಎಲ್ಲ ಕಡೆ ಆರಿಸಿದಂತೆ. ಅಡ್ಡ ಹಾಳೆಯ ಹೆಡರಿನಲ್ಲಿ ಅಂಕಿ ಬಲತುದಿಗೆ ಬಾರದೆ ನಡುವೆಲ್ಲೋ ನಿಲ್ಲುವುದು ಟ್ಯಾಬಿನ ಅಳತೆ ನಿಂತ ಹಾಳೆಯದ್ದಾಗಿರುವುದರಿಂದ. ಅಂಚನ್ನು ನೋಡಿ ತಾನೇ ಜಾಗ ಹೊಂದಿಸಿಕೊಳ್ಳುವ ಅಲೈನ್‌ಮೆಂಟ್ ಟ್ಯಾಬ್ ಇದಕ್ಕೆ ಮದ್ದು.

ಬೇರೆ ತಂತ್ರಾಂಶಗಳಲ್ಲಿ

ಲಿಬ್ರೆಆಫೀಸ್ ರೈಟರ್ ಇದೇ ಸಮಸ್ಯೆಯನ್ನು ಪೂರ್ತಿ ಬೇರೆ ರೀತಿ ನೋಡುತ್ತದೆ. ಅಲ್ಲಿ ಪುಟಕ್ಕೇ ಸ್ಟೈಲ್ ಉಂಟು. ಮುಖಪುಟ, ಮುನ್ನುಡಿ, ಅಧ್ಯಾಯ, ಅಡ್ಡ ಹಾಳೆ ಎಂದು ಒಂದೊಂದಕ್ಕೂ ಹೆಸರಿಟ್ಟು ವಿನ್ಯಾಸ ಮಾಡಿಕೊಂಡು, ಪುಟ ಒಡೆಯುವ ಕಡೆ ಮುಂದಿನ ಪುಟ ಯಾವ ಸ್ಟೈಲಿನದು, ಯಾವ ಅಂಕಿಯಿಂದ ಎಂದು ಹೇಳಬೇಕು. ಸೆಕ್ಷನ್ ಎಂಬ ಪದ ಅಲ್ಲಿಯೂ ಇದೆ, ಅರ್ಥ ಬೇರೆ: ಅಂಕಣ ಬದಲಿಸಲು, ಬರಹದ ತುಣುಕನ್ನು ಬಚ್ಚಿಡಲು, ತಿದ್ದದಂತೆ ಬೀಗ ಹಾಕಲು. ವರ್ಡ್‌ನಿಂದ ಬಂದವರು ಮೊದಲು ಎಡವುವುದು ಇಲ್ಲಿಯೇ. ಬಲಪುಟಕ್ಕೆ ಬೆಸಸಂಖ್ಯೆ ಎಂಬ ಕಟ್ಟಳೆಯನ್ನು ರೈಟರ್ ಬಿಟ್ಟುಕೊಡುವುದಿಲ್ಲ, ಎಣಿಕೆ ತಾಳೆಯಾಗದಿದ್ದರೆ ತಾನೇ ಖಾಲಿ ಪುಟ ಸೇರಿಸುತ್ತದೆ. ವಿನ್ಯಾಸಕ್ಕೆ ಹೆಸರಿಡುವ ಈ ಕ್ರಮ ಕಲಿಯಲು ತುಸು ಕಷ್ಟ, ಆದರೆ ಗುಟ್ಟುಗಳು ಕಡಿಮೆ.

ಲೇಟೆಕ್ ಬಳಸುವ ಗಣಿತ, ಭೌತಶಾಸ್ತ್ರದವರಿಗೆ ಇದೆಲ್ಲ ಮೂರು ಆಜ್ಞೆಗಳ ಕೆಲಸ. ಪುಸ್ತಕದ ಮಾದರಿಯಲ್ಲಿ ಫ್ರಂಟ್‌ಮ್ಯಾಟರ್ ಎಂದರೆ ರೋಮನ್ ಅಂಕಿ, ಮೇನ್‌ಮ್ಯಾಟರ್ ಎಂದರೆ 1ರಿಂದ ಹೊಸ ಎಣಿಕೆ, ಬ್ಯಾಕ್‌ಮ್ಯಾಟರ್ ಎಂದರೆ ಅಧ್ಯಾಯಗಳ ಸಂಖ್ಯೆ ನಿಂತು ಪುಟಗಳ ಎಣಿಕೆ ಮುಂದುವರಿಕೆ. ಗೂಗಲ್ ಡಾಕ್ಸ್‌ನಲ್ಲಿ ಸೆಕ್ಷನ್ ಬ್ರೇಕ್ ಇದ್ದರೂ ನೆಕ್ಸ್ಟ್ ಪೇಜ್ ಮತ್ತು ಕಂಟಿನ್ಯುಯಸ್ ಎರಡೇ ಬಗೆ. ಕನ್ನಡ ಪುಸ್ತಕಗಳನ್ನು ಬಹುಕಾಲ ಕಟ್ಟಿಕೊಟ್ಟ ಪೇಜ್‌ಮೇಕರ್ 1985ರಲ್ಲಿ ಬಂದದ್ದು. ಅದನ್ನು ತಂದ ಕಂಪನಿ ವೆನಿಸ್ಸಿನ ಅದೇ ಮುದ್ರಕನ ನೆನಪಿಗೆ ಆಲ್ಡಸ್ ಎಂದು ಹೆಸರಿಟ್ಟುಕೊಂಡಿತ್ತು. ಅದರಲ್ಲಿ ಮಾಸ್ಟರ್ ಪೇಜಿನ ಮೇಲೆ ಅಂಕಿಯ ಗುರುತಿಟ್ಟರೆ ಎಲ್ಲ ಪುಟಗಳಿಗೂ ಮೂಡುತ್ತಿತ್ತು. ಪೇಜ್‌ಮೇಕರಿಗೆ ಯುನಿಕೋಡ್ ಬಾರದು. ನಮ್ಮ ಡಿಟಿಪಿ ಅಂಗಡಿಗಳು ಹಳೆಯ ಸಂಕೇತದ ಫಾಂಟುಗಳಿಗೆ ಬಹಳ ವರ್ಷ ಅಂಟಿಕೊಂಡಿದ್ದಕ್ಕೆ ಇದೂ ಒಂದು ಕಾರಣ.

ಕನ್ನಡ ಅಂಕಿಯ ಪ್ರಶ್ನೆ

ಪುಟಸಂಖ್ಯೆ ೧, ೨, ೩ ಎಂದೇ ಬರಬೇಕೆನ್ನುವ ಲೇಖಕರಿದ್ದಾರೆ. ಯುನಿಕೋಡಿನಲ್ಲಿ ಕನ್ನಡ ಅಂಕಿಗಳಿಗೆ ಸ್ವಂತ ಸ್ಥಾನಗಳಿವೆ. ಆದರೆ ಡಾಕ್‌ಎಕ್ಸ್ ಮಾದರಿಯ ಸಂಖ್ಯಾರೂಪಗಳ ಪಟ್ಟಿಯಲ್ಲಿ ಹಿಂದಿಗೂ ಥಾಯ್ ಭಾಷೆಗೂ ಜಾಗವಿದ್ದು ಕನ್ನಡಕ್ಕೆ ಇಲ್ಲ. ವೆಬ್ ಪುಟಗಳ ವಿನ್ಯಾಸಕ್ಕೆ ಬಳಸುವ ಸಿಎಸ್ಎಸ್‌ನಲ್ಲಿ ಕನ್ನಡ ಎಂಬ ಹೆಸರಿನ ಎಣಿಕೆಯೇ ಸಿದ್ಧವಾಗಿರುವುದನ್ನು ನೋಡಿದರೆ ಈ ಕೊರತೆ ಇನ್ನಷ್ಟು ಕಣ್ಣಿಗೆ ಹೊಡೆಯುತ್ತದೆ. ವರ್ಡ್‌ನಲ್ಲಿ ಇದಕ್ಕೆ ಸುಲಭವಾದ ಉಪಾಯ ಫಾಂಟಿನದು: ಮಾಮೂಲಿ ಅಂಕಿಗಳ ಸ್ಥಾನದಲ್ಲಿ ಕನ್ನಡ ಅಂಕಿಯ ಆಕಾರ ಕೂರಿಸಿದ ಫಾಂಟನ್ನು ಪುಟಸಂಖ್ಯೆಯ ಫೀಲ್ಡಿಗೆ ಮಾತ್ರ ಹಚ್ಚುವುದು. ಹಾಳೆಯ ಮೇಲೆ ೧೨ ಎಂದು ಮೂಡುತ್ತದೆ, ಕಡತದ ಒಳಗೆ ಅದು 12ಆಗಿಯೇ ಇರುತ್ತದೆ. ಪರಿವಿಡಿಯ ಅಂಕಿಗಳಿಗೂ ಅದೇ ಫಾಂಟ್ ಹಚ್ಚಲು ಮರೆತರೆ ಒಂದೇ ಪುಸ್ತಕದಲ್ಲಿ ಎರಡು ಬಗೆ. ರೋಮನ್ ಅಂಕಿಯ ಜಾಗಕ್ಕೆ ಅ, ಆ, ಇ ಎಂದು ಅಕ್ಷರಗಳಲ್ಲಿ ಎಣಿಸುವ ಸೌಲಭ್ಯವಂತೂ ಪುಟಸಂಖ್ಯೆಯ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಬೇಕೆಂದರೆ ಪುಟಕ್ಕೊಂದು ಅಕ್ಷರವನ್ನು ಕೈಯಲ್ಲೇ ಹಾಕಬೇಕು, ಅದಕ್ಕೆ ಪುಟಕ್ಕೊಂದು ವಿಭಾಗ ಬೇಕು.

ಹಾಳೆಯಿಂದ ತೆರೆಗೆ

ಪಿಡಿಎಫ್ ಓದುವ ತಂತ್ರಾಂಶ ಪುಟಗಳನ್ನು ತನ್ನದೇ ಲೆಕ್ಕದಲ್ಲಿ ಮೊದಲ ಹಾಳೆಯಿಂದ ಎಣಿಸುತ್ತದೆ. ಮುನ್ನುಡಿ, ಪರಿವಿಡಿಗಳು ಹದಿನಾಲ್ಕು ಪುಟವಾಗಿದ್ದರೆ ಪುಸ್ತಕದ 1 ಅದಕ್ಕೆ 15. ಇವೆರಡನ್ನು ಹೊಂದಿಸಲು ಪುಟಗಳಿಗೆ ಹೆಸರಿನ ಚೀಟಿ ಅಂಟಿಸುವ ಪೇಜ್ ಲೇಬಲ್ ಎಂಬ ಏರ್ಪಾಡು ಪಿಡಿಎಫ್‌ನಲ್ಲಿದೆ. ಅದನ್ನು ತುಂಬುವ ತಾಳ್ಮೆ ಕೆಲವರಿಗೆ ಮಾತ್ರ. ಕರ್ನಾಟಕದ ವಿಶ್ವವಿದ್ಯಾಲಯಗಳ ಪ್ರಬಂಧಗಳೂ ಸೇರುವ, ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾ ಭಂಡಾರದಲ್ಲಿ ಪ್ರಬಂಧವನ್ನು ಮುಖಪುಟ, ಪ್ರಮಾಣಪತ್ರ, ಪರಿವಿಡಿ, ಒಂದೊಂದು ಅಧ್ಯಾಯ ಎಂದು ಬಿಡಿ ಕಡತಗಳಾಗಿ ಇಡುತ್ತಾರೆ. ನಾಲ್ಕನೆಯ ಅಧ್ಯಾಯದ ಕಡತ ತೆರೆದವನಿಗೆ ತೆರೆಯ ಮೂಲೆಯಲ್ಲಿ 1 ಎಂದೂ ಹಾಳೆಯ ಅಡಿಯಲ್ಲಿ 143 ಎಂದೂ ಕಾಣಬಹುದು. ಆಧಾರ ಕೊಡುವಾಗ ಬರೆಯಬೇಕಾದದ್ದು ಹಾಳೆಯ ಮೇಲಿನ 143 ಅನ್ನು.